ಅಥೆನ್ಸಿನಿಂದ ತಂದ ಐದು ನಗೆಮುಖಗಳು

ಬುಧವಾರ, ಅಥೆನ್ಸ್

ಅಥೆನ್ಸಿನಲ್ಲಿ ನಾವು ಮೊದಲು ಹೊಕ್ಕಿದ್ದು ಔಷಧದ ಅಂಗಡಿಗೆ. ಲಕ್ಷ್ಮೀ ಅಕ್ಕೋರ ಕಾಲು ವಿಮಾನದಲ್ಲಿ ಬಾತು, ಚಪ್ಪಲಿಯೊಳಗೆ ಹೋಗುತ್ತಿರಲಿಲ್ಲ. ಅಂಗಡಿಯವಳಿಗೆ ಇಂಗ್ಲಿಷು ಅಷ್ಟಕ್ಕಷ್ಟೆ. ಅಕ್ಕೋರು ಕಾಲನ್ನೇ ಎತ್ತಿ ಸ್ಟೂಲಿನ ಮೇಲಿಟ್ಟು ತೋರಿಸಿದರು. ಅವಳು ಬಗ್ಗಿ ನೋಡಿ, ಒಂದು ಮುಲಾಮು ಕೊಟ್ಟು, ಗಾಳಿಯಲ್ಲಿ ಕೈಯಾಡಿಸಿ ಹೇಗೆ ತಿಕ್ಕಬೇಕೆಂದು ಕಲಿಸಿದಳು.

"ಭಾಷೆ ಬರದಿದ್ರೂ ಕೆಲಸ ಆತು ಅಲ್ದನೇ," ಎಂದರು ಅಕ್ಕೋರು. "ನೀನು ಸುಮ್ನೆ ಹೆದರ್ಸಿದ್ದೆ."

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರಿಗೆಲ್ಲ ಅಕ್ಕೋರು ಎನ್ನುತ್ತಾರೆ. ನಾನೂ ಅಕ್ಕೋರೇ. ಕುಮಟಾ ತಾಲೂಕಿನ ಒಂದು ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತೇನೆ. ಲಕ್ಷ್ಮೀ ಅಕ್ಕೋರು ಭಟ್ಕಳದವರು, ಬರುವ ವರ್ಷ ನಿವೃತ್ತಿ. ಬೇರೆ ಬೇರೆ ದೇಶಗಳ ಶಿಕ್ಷಕರಿಗೆ ಇಲ್ಲಿನ ಒಂದು ಸಣ್ಣ ವಸ್ತುಸಂಗ್ರಹಾಲಯ ಹತ್ತು ದಿನಗಳ ತರಬೇತಿ ಇಟ್ಟಿತ್ತು. ವಿಷಯ: ಹಳೆಯ ಗ್ರೀಕರ ಮತ್ತು ರೋಮನರ ನಗೆನಾಟಕದ ಮುಖವಾಡಗಳನ್ನು ಮಕ್ಕಳಿಗೆ ಕಲಿಸುವುದು ಹೇಗೆ. ನಾವಿಬ್ಬರೂ ಅರ್ಜಿ ಹಾಕಿದ್ದೆವು. ಇಬ್ಬರೂ ಆಯ್ಕೆಯಾದೆವು. ಯಾಕೆಂದು ಈಗಲೂ ಗೊತ್ತಿಲ್ಲ.

ನಾನು ಬಂದದ್ದು ಒಂದು ಪೆಟ್ಟಿಗೆಯ ಆಸೆಗೆ. ಆರು ಮುಖವಾಡಗಳ ಅಚ್ಚುಪ್ರತಿಗಳು, ಗಟ್ಟಿ ಪ್ಲಾಸ್ಟರಿನವು, ಒಂದು ಮರದ ಪೆಟ್ಟಿಗೆಯಲ್ಲಿ. ಪ್ರತಿ ತಂಡವೂ ಕೊನೆಗೆ ಅಲ್ಲಿನ ಮಕ್ಕಳಿಗೆ ಒಂದು ಪಾಠ ಮಾಡಬೇಕು. ಪಾಠ ಮೆಚ್ಚುಗೆಯಾದರೆ ಪೆಟ್ಟಿಗೆಯನ್ನು ಒಂದು ವರ್ಷಕ್ಕೆ ಎರವಲು ಕೊಡುತ್ತಾರೆ. ಹೊರಡುವ ಮೊದಲೇ ನಾನು ಭಟ್ಕಳ, ಹೊನ್ನಾವರ, ಕುಮಟಾದ ಮೂರು ಶಾಲೆಗಳ ಮಕ್ಕಳಿಗೆ, ತರುತ್ತೇನೆ, ನೀವು ಕೈಯಲ್ಲಿ ಹಿಡಿಯಬಹುದು ಎಂದು ಹೇಳಿಬಿಟ್ಟಿದ್ದೆ. ಪುಸ್ತಕದ ಚಿತ್ರದಲ್ಲಿ ಕಂಡ ವಸ್ತುವನ್ನು ನಮ್ಮ ಮಕ್ಕಳು ಯಾವತ್ತೂ ಮುಟ್ಟಿದ್ದಿಲ್ಲ. ಹೇಳಿದ್ದು ಅವಸರವಾಯಿತು. ಹೇಳಿ ಆಗಿತ್ತು.

ಶುಕ್ರವಾರ, ವಸ್ತುಸಂಗ್ರಹಾಲಯ

ತರಬೇತಿಯ ಹೊಣೆ ಹೊತ್ತವರು ಎಲೇನಿ. ಐವತ್ತು ದಾಟಿರಬಹುದು. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಗಾಜಿನ ಕಪಾಟಿಗೆ ಒಂದು ಪಕ್ಕ ಕೊಟ್ಟು ನಿಂತು ಮಾತಾಡುತ್ತಾರೆ. ಯಾರಾದರೂ ಗಾಜಿನ ಹತ್ತಿರ ಹೋದರೆ ಮಾತಿನ ನಡುವೆಯೇ "ಮುಟ್ಟಬೇಡಿ" ಎನ್ನುತ್ತಾರೆ, ಮತ್ತೆ ಅದೇ ವಾಕ್ಯದ ಉಳಿದರ್ಧ ಮುಂದುವರಿಸುತ್ತಾರೆ. ಪೆಟ್ಟಿಗೆ ಕೊಡುವುದು, ಬಿಡುವುದು ಅವರ ಕೈಯಲ್ಲಿತ್ತು.

ಮೊದಲ ಪಾಠದಲ್ಲೇ ಅವರು ನಮ್ಮನ್ನು ನಿರಾಸೆಗೊಳಿಸಿದರು. ನಟರು ನಿಜವಾಗಿ ಮುಖಕ್ಕೆ ಹಾಕಿಕೊಂಡ ಒಂದು ಮುಖವಾಡವೂ ಇವತ್ತು ಉಳಿದಿಲ್ಲವಂತೆ. ಬಟ್ಟೆ, ತೊಗಲು, ಮರ ಇಂಥವುಗಳಿಂದ ಮಾಡಿದ್ದರು, ಎಲ್ಲ ಮಣ್ಣಾಯಿತು. ಉಳಿದಿರುವುದು ಅವುಗಳನ್ನು ನೋಡಿ ಮಾಡಿದ ಮಣ್ಣಿನ ಗೊಂಬೆಗಳು, ಕಲ್ಲಿನ ಮುಖಗಳು, ರೋಮನರ ನೆಲದ ಮೇಲಿನ ಕಲ್ಲುಚೂರಿನ ಚಿತ್ರಗಳು, ದೀಪಗಳ ಮೇಲಿನ ಅಚ್ಚು. "ನಾವು ನೋಡುತ್ತಿರುವುದು ನಗೆಯ ನೆರಳು," ಎಂದರು ಎಲೇನಿ. ಬಾಯಿ ಯಾಕೆ ಅಷ್ಟು ಅಗಲ ಎಂದು ಕೇಳಿದೆ. ಧ್ವನಿ ದೂರ ಹೋಗಲೆಂದು ಬಹಳ ಜನ ಹೇಳುತ್ತಾರೆ, ಖಚಿತವಾಗಿ ಯಾರಿಗೂ ಗೊತ್ತಿಲ್ಲ, ಮಕ್ಕಳಿಗೂ ಹಾಗೇ ಹೇಳಿ ಎಂದರು. ಆ ಮಾತು ನನಗೆ ಇಷ್ಟವಾಯಿತು.

ಪೆಟ್ಟಿಗೆಯ ಆರರಲ್ಲಿ ಒಬ್ಬ ಜಾಣ ಆಳು, ಒಬ್ಬ ಅಡುಗೆಯವ, ಕಂಡವರ ಮನೆ ಊಟಕ್ಕೆ ಅಂಟಿಕೊಳ್ಳುವ ಒಬ್ಬ, ಒಬ್ಬ ತರುಣಿ, ರೋಮನ್ ದೀಪದಿಂದ ತೆಗೆದ ಒಂದು ಬೋಳುತಲೆ, ಮತ್ತೆ ಒಬ್ಬ ಮುದುಕ. ಮುದುಕನ ಒಂದು ಹುಬ್ಬು ಹಣೆಗೇರಿದೆ, ಇನ್ನೊಂದು ಇಳಿದಿದೆ. ಸಿಟ್ಟಿನ ಮಾತಿದ್ದಾಗ ನಟ ಏರಿದ ಹುಬ್ಬಿನ ಪಕ್ಕ ತೋರಿಸುತ್ತಿದ್ದ, ಸಮಾಧಾನದ ಮಾತಿದ್ದಾಗ ಇನ್ನೊಂದು. ಮುಖವಾಡ ಅಲುಗಾಡದಿದ್ದರೂ ಮುಖ ಬದಲಾಗುತ್ತಿತ್ತು. ಇದನ್ನು ಎಲೇನಿ ಬೇಗ ಬೇಗ ಹೇಳಿ ಮುಗಿಸಿದರು.

ಸಂಜೆ ಹೊತ್ತಿಗೆ ನಾನು ಕಣ್ಣು ತೆರೆದೇ ನಿದ್ದೆ ಮಾಡುತ್ತಿದ್ದೆ. ದಿನಚರಿಯಲ್ಲಿ ಎಂದಿನಂತೆ ಲೆಕ್ಕ ಬರೆದೆ: ಹೊಸ ಶಬ್ದ ಹನ್ನೊಂದು, ಕೇಳಿದ ಪ್ರಶ್ನೆ ನಾಲ್ಕು, ಕುಡಿದ ಕಾಫಿ ಐದು. ಇಲ್ಲಿನವರು ಒಂದೇ ಲೋಟ ಕಾಫಿಯನ್ನು ಒಂದು ಮಧ್ಯಾಹ್ನವಿಡೀ ಕುಡಿಯುತ್ತಾರೆ. ಹೋಟೆಲಿನವನು ಯಾರನ್ನೂ ಎಬ್ಬಿಸುವುದಿಲ್ಲ. ಕುಮಟಾ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಹಾಗೆ ಕೂತರೆ ಮೇಜು ಒರೆಸುವ ಬಟ್ಟೆ ಮೂರು ಸಲ ನಮ್ಮ ಮುಂದೆ ಓಡಾಡುತ್ತದೆ.

ಭಾನುವಾರ, ಬಾಡಿಗೆ ಕೋಣೆ

ಲಕ್ಷ್ಮೀ ಅಕ್ಕೋರು ಭಟ್ಕಳದಿಂದ ತಂದ ಅವಲಕ್ಕಿಗೆ ಇಲ್ಲಿಯ ಮೊಸರು ಹಾಕಿ ಕಲಸಿದರು. ಮೊಸರು ಎಷ್ಟು ಗಟ್ಟಿಯೆಂದರೆ ಚಮಚ ನೆಟ್ಟಗೆ ನಿಂತಿತು. ನೀರು ಹಾಕಿ ತೆಳ್ಳಗೆ ಮಾಡುವುದನ್ನು ಮನೆಯೊಡತಿ ನೋಡಿ ಬೇಜಾರು ಮಾಡಿಕೊಂಡಳು.

ತಿನ್ನುತ್ತ ನಾನು ಪಾಠದ ಯೋಚನೆ ಹೇಳಿದೆ. ನಮ್ಮೂರಿನ ಹಗರಣವನ್ನು ಇಲ್ಲಿಯ ಮಕ್ಕಳಿಗೆ ಪರಿಚಯಿಸುವುದು. ಪತ್ರಿಕೆಯವರು ಬರೆಯುವ ಹಗರಣವಲ್ಲ. ಹೋಳಿ ಹುಣ್ಣಿಮೆಯ ಹೊತ್ತಿಗೆ ನಮ್ಮ ಊರಲ್ಲಿ ಜನ ರಟ್ಟಿನ, ಕಾಗದದ ಮುಖ ಕಟ್ಟಿಕೊಂಡು ಬೀದಿಯಲ್ಲಿ ಬರುತ್ತಾರೆ. ವರ್ಷವಿಡೀ ಸತಾಯಿಸಿದ ಅಧಿಕಾರಿ, ತೂಕದಲ್ಲಿ ಮೋಸ ಮಾಡುವ ಅಂಗಡಿಯವ, ಮೀಟಿಂಗಿನಲ್ಲಿ ನಿದ್ದೆ ಮಾಡುವ ಮೆಂಬರು, ಯಾರನ್ನೂ ಬಿಡುವುದಿಲ್ಲ. ಅವರ ಮನೆಯೆದುರೇ ನಿಂತು ಅವರ ನಡಿಗೆ, ಅವರ ಮಾತು ಮಾಡಿ ತೋರಿಸುತ್ತಾರೆ. ಅಣಕಕ್ಕೆ ಸಿಕ್ಕವರು ಸಿಟ್ಟಾಗುವ ಹಾಗಿಲ್ಲ. ಕೊನೆಯವರೆಗೆ ನಿಂತು ನೋಡಿ, ವೇಷದವರಿಗೆ ಬಾಳೆಹಣ್ಣೋ ಬೆಲ್ಲವೋ ಕೊಟ್ಟು ಕಳಿಸಬೇಕು. ಹಳೆಯ ಗ್ರೀಕರೂ ಎದುರಿಗೆ ಕೂತ ದೊಡ್ಡವರದೇ ಮುಖ ಮಾಡಿ ನಗಿಸುತ್ತಿದ್ದರೆಂದು ಎಲೇನಿಯೇ ಹೇಳಿದ್ದರು. ಇದಕ್ಕಿಂತ ಒಳ್ಳೆಯ ಸೇತುವೆ ಎಲ್ಲಿ ಸಿಗುತ್ತದೆ.

"ಚಲೋ ಉಂಟು," ಎಂದರು ಅಕ್ಕೋರು. "ಆದ್ರೆ ಇದು ಕುಮಟೆ ಅಲ್ಲ ಮಾರಾಯ್ತಿ. ಇಲ್ಲಿನವ್ರು ಎಂತ ಹೇಳ್ತ್ರೋ."

"ಮಕ್ಕಳಲ್ದಾ ಅಕ್ಕೋರೆ. ಮಕ್ಕಳು ಎಲ್ಲಾ ಕಡೆ ಒಂದೇ."

"ಮಕ್ಕಳ ಮಾತು ಯಾರು ಹೇಳ್ದ್ರು. ದೊಡ್ಡವ್ರ ಮಾತು ನಾನು ಹೇಳುದು."

ನನಗೆ ಅಷ್ಟು ಕೇಳುವ ತಾಳ್ಮೆ ಇರಲಿಲ್ಲ. ಮಲಗಿಬಿಟ್ಟೆ.

ಗುರುವಾರ, ನಮ್ಮ ಪಾಠ

ಇಪ್ಪತ್ತೆರಡು ಮಕ್ಕಳು ಬಂದರು. ನಾನು ಇಂಗ್ಲಿಷಿನಲ್ಲಿ ಹೇಳುವುದು, ಎಲೇನಿ ಅದನ್ನು ಗ್ರೀಕಿಗೆ ತಿರುಗಿಸುವುದು. ಮೊದಲು ಪೆಟ್ಟಿಗೆಯ ಆರು ಮುಖಗಳನ್ನು ಕೈಯಿಂದ ಕೈಗೆ ದಾಟಿಸಿದೆವು. ಎಲೇನಿ ಮುದುಕನ ಎರಡು ಪಕ್ಕದ ಆಟವನ್ನೂ ಅವರಿಗೆ ಹೇಳಿದರು, ನಡುನಡುವೆ ಗಾಜಿನ ಹತ್ತಿರ ಹೋದವರಿಗೆ ಎಂದಿನಂತೆ "ಮುಟ್ಟಬೇಡಿ" ಎಂದರು. ಆಮೇಲೆ ನಾನು ಹಗರಣದ ಕತೆ ಹೇಳಿದೆ. ಮಕ್ಕಳು ಚೆನ್ನಾಗಿ ನಕ್ಕರು. ರಟ್ಟು, ಕತ್ತರಿ, ಬಣ್ಣ, ರಬ್ಬರ್ ಬ್ಯಾಂಡು ಹಂಚಿ ನಾನು ಹೇಳಿದೆ: "ಈಗ ಈ ಕೋಣೆಯಲ್ಲಿರುವ ಯಾರದ್ದಾದರೂ ಮುಖ ಮಾಡಿ. ಅವರು ಸಿಟ್ಟಾಗುವ ಹಾಗಿಲ್ಲ. ಅದು ನಮ್ಮೂರಿನ ನಿಯಮ."

ಎಲೇನಿ ಒಂದು ಗಳಿಗೆ ನನ್ನನ್ನು ನೋಡಿದರು. ಆಮೇಲೆ ಅದನ್ನೂ ತಿರುಗಿಸಿ ಹೇಳಿದರು.

ಮೊದಲು ಸಿಕ್ಕಿಬಿದ್ದದ್ದು ನಾನು. ಒಬ್ಬ ಹುಡುಗ ಹಣೆ ತುಂಬ ಗೆರೆ ಎಳೆದ ಮುಖ ಕಟ್ಟಿಕೊಂಡು, ಬೆರಳು ಆಡಿಸುತ್ತ ಮಕ್ಕಳ ತಲೆ ಎಣಿಸಿದ. ಆಮೇಲೆ ಲಕ್ಷ್ಮೀ ಅಕ್ಕೋರು. ಅವರು ಕುರ್ಚಿಯಲ್ಲಿ ಕೂತು ತೂಕಡಿಸುವುದನ್ನು ಒಬ್ಬಳು ಎಷ್ಟು ಚೆಂದ ಮಾಡಿದಳೆಂದರೆ, ಅಕ್ಕೋರು ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು. ಚೀಲದಿಂದ ಶೇಂಗಾ ಚಿಕ್ಕಿ ತೆಗೆದು ಅವಳಿಗೆ ಕೊಟ್ಟರು. "ಗೊರಕೆ ಹೊಡೂದೊಂದು ಬಾಕಿ ಇತ್ತು ಇವಳದ್ದು," ಎಂದು ನನಗೆ ಹೇಳಿದರು. ಎಲ್ಲ ನಮ್ಮೂರಿನ ಹಾಗೇ ನಡೆಯುತ್ತಿತ್ತು. ಪೆಟ್ಟಿಗೆ ಆಗಲೇ ನನ್ನ ಮಡಿಲಲ್ಲಿದ್ದಂತೆ ಅನಿಸಿತು.

ಮೂರನೆಯವಳು ಡಾಫ್ನಿ ಎಂಬ ಹುಡುಗಿ, ಒಂಬತ್ತು ವರ್ಷದವಳಿರಬೇಕು. ಅವಳು ಕೈಗಳನ್ನು ಬೆನ್ನ ಹಿಂದೆ ಕಟ್ಟಿ ಬಂದಳು. ಮುಖವಾಡದ ಒಂದು ಹುಬ್ಬು ಮೇಲೆ, ಒಂದು ಕೆಳಗೆ. ಬಾಯಿಯ ಒಂದು ತುದಿ ಇಳಿದಿತ್ತು. ಕಲಿತ ಪಾಠದಂತೆ ಮೊದಲು ಒಂದು ಪಕ್ಕ ತಿರುಗಿ "ಮುಟ್ಟಬೇಡಿ" ಎಂದಳು. ಇನ್ನೊಂದು ಪಕ್ಕ ತಿರುಗಿ ಮೆಲ್ಲಗೆ ಮತ್ತೆ "ಮುಟ್ಟಬೇಡಿ" ಎಂದಳು.

ಮಕ್ಕಳು ಗೊಳ್ಳೆಂದರು. ಆಮೇಲೆ ಒಬ್ಬೊಬ್ಬರಾಗಿ ನಿಲ್ಲಿಸಿದರು. ನಾನು ಎಲೇನಿಯ ಕಡೆ ತಿರುಗಿದೆ. ಒಂದು ವಾರದಲ್ಲಿ ಮೊದಲ ಸಲ ಅವರ ಮುಖವನ್ನು ನೇರವಾಗಿ ನೋಡಿದೆ. ಎಡಗಡೆಯ ಹುಬ್ಬು, ಕೆನ್ನೆ, ತುಟಿಯ ತುದಿ ಅಲುಗುತ್ತಿರಲಿಲ್ಲ. ಅವರು ಯಾವಾಗಲೂ ಒಂದು ಪಕ್ಕವಾಗಿ ನಿಲ್ಲುತ್ತಿದ್ದುದು ಕಪಾಟು ತೋರಿಸುವುದಕ್ಕಲ್ಲ.

ಎಲೇನಿ ಎರಡು ಸಲ ಚಪ್ಪಾಳೆ ತಟ್ಟಿದರು. ಡಾಫ್ನಿಗೆ ಏನೋ ಹೇಳಿದರು. ಅವಳು ಮುಖವಾಡದ ಹಿಂದೆ ತನ್ನ ಹೆಸರು ಬರೆದು ಕೊಟ್ಟಳು. ಪಾಠ ಅಲ್ಲಿಗೇ ಮುಗಿಯಿತು. ಬಾಳೆಹಣ್ಣಾಗಲಿ ಬೆಲ್ಲವಾಗಲಿ ಯಾರ ನೆನಪಿಗೂ ಬರಲಿಲ್ಲ.

"ನಿಂಗೆ ಗೊತ್ತೇ ಇರ್ಲಿಲ್ವನೇ?" ಎಂದು ಅಕ್ಕೋರು ಹೊರಗೆ ಕೇಳಿದರು. "ನಂಗೆ ಮೊದಲ ದಿನವೇ ಕಂಡಿತ್ತು. ನಮ್ಮ ಅತ್ತಿಗೆಗೂ ಹಾಂಗೇ ಆಗಿತ್ತು."

"ನಂಗೆ ಹೇಳೂಕೆ ಎಂತ ಆಗಿತ್ತು ನಿಮ್ಗೆ?"

"ಕಂಡವ್ರ ಮುಖದ ಸುದ್ದಿ ಎಂತಕ್ಕೆ ಹೇಳುದು. ನಿಂಗೂ ಕಂಡಿರ್ತದೆ ಅಂದ್ಕಂಡೆ. ದಿನಾ ಅಷ್ಟೆಲ್ಲಾ ಬರೀತಿದ್ಯಲ್ಲ."

ಅದೇ ಸಂಜೆ, ಮೆಟ್ಟಿಲು

ಎಲೇನಿ ಬಾಗಿಲು ಹಾಕಿಕೊಂಡು ಹೊರಬಂದಾಗ ನಾನು ಮೆಟ್ಟಿಲ ಮೇಲೆ ಕಾಯುತ್ತಿದ್ದೆ. ಕ್ಷಮೆ ಕೇಳಲು ಇಂಗ್ಲಿಷಿನಲ್ಲಿ ಎರಡು ಮೂರು ವಾಕ್ಯ ಜೋಡಿಸಿಕೊಂಡಿದ್ದೆ. ಅವರು ಅದಕ್ಕೆ ಅವಕಾಶ ಕೊಡದೆ ಪಕ್ಕದಲ್ಲಿ ಕೂತರು. ಈ ಸಲ ಎಡಪಕ್ಕವೇ ನನ್ನ ಕಡೆಗಿತ್ತು.

"ಆ ಹುಡುಗಿಗೆ ಯಾರೂ ಬೈಯಬಾರದು," ಎಂದರು. "ಕಂಡದ್ದನ್ನು ಮಾಡಿದ್ದಾಳೆ. ಚೆನ್ನಾಗಿಯೇ ಮಾಡಿದ್ದಾಳೆ."

ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಎದ್ದಾಗ ಮುಖದ ಅರ್ಧ ಭಾಗ ಹೀಗಾಗಿತ್ತಂತೆ. ಸರಿಯಾಗುತ್ತದೆ ಎಂದಿದ್ದರು ವೈದ್ಯರು. ಸ್ವಲ್ಪ ಆಯಿತು, ಪೂರ್ತಿ ಆಗಲಿಲ್ಲ. ಮುದುಕನ ಮುಖವಾಡ ಅದಕ್ಕೆ ಮೊದಲು ಅವರಿಗೆ ತುಂಬ ಪ್ರೀತಿಯ ಪಾಠವಾಗಿತ್ತು.

ಆಮೇಲೆ ಕೇಳಿದರು: "ನಿಮ್ಮ ಊರಿನಲ್ಲಿ ಅಣಕಕ್ಕೆ ಸಿಗುವವರಿಗೆ ಮೊದಲೇ ಗೊತ್ತಿರುತ್ತದೆಯೇ?"

"ಯಾರನ್ನು ಅಂತ ಗೊತ್ತಿರುವುದಿಲ್ಲ. ದಿನ ಗೊತ್ತಿರುತ್ತದೆ," ಎಂದೆ. "ಬೇಡ ಅಂದವರು ಆ ದಿನ ನೆಂಟರ ಮನೆಗೆ ಹೋಗಿಬಿಡುತ್ತಾರೆ."

"ಹಾಗಾದರೆ ನನಗೆ ಯಾರೂ ದಿನ ಹೇಳಲಿಲ್ಲ," ಎಂದರು ಎಲೇನಿ.

ಸಿಟ್ಟಿನಿಂದ ಹೇಳಲಿಲ್ಲ. ಲೆಕ್ಕ ತಪ್ಪಿದ್ದನ್ನು ತೋರಿಸುವವರಂತೆ ಹೇಳಿದರು. ನಾನು ಹಗರಣದ ಎಲ್ಲ ನಿಯಮ ವಿವರಿಸಿದ್ದೆ. ಅದಕ್ಕೊಂದು ದಿನವಿದೆ, ಆ ದಿನ ಬೆಳಗಾಗುವಾಗಲೇ ಊರಿಗೆ ಊರೇ ಮೈ ಗಟ್ಟಿ ಮಾಡಿಕೊಂಡಿರುತ್ತದೆ ಎಂಬುದು ನನಗೆ ವಿವರಿಸುವ ಸಂಗತಿ ಅಂತಲೇ ಅನಿಸಿರಲಿಲ್ಲ. ನಮ್ಮೂರಿನಲ್ಲಿ ಅದನ್ನು ಯಾರೂ ಯಾರಿಗೂ ಹೇಳಬೇಕಾಗುವುದಿಲ್ಲ.

ಶನಿವಾರ, ವಿಮಾನ ನಿಲ್ದಾಣ

ಹೊರಡುವ ಬೆಳಿಗ್ಗೆ ಪೆಟ್ಟಿಗೆ ನಮ್ಮ ಕೋಣೆಗೆ ಬಂತು. ಮೆಟ್ಟಿಲ ಮೇಲಿನ ಮಾತನ್ನು ಅಕ್ಕೋರಿಗೂ ಹೇಳಿ, ನಾನು ಆಸೆ ಬಿಟ್ಟಿದ್ದೆ. ತೆರೆದು ನೋಡಿದರೆ ಐದೇ ಇದ್ದವು. ಮುದುಕನನ್ನು ಕೂರಿಸುವ ಗುಳಿ ಖಾಲಿ. ಜೊತೆಗಿದ್ದ ಚೀಟಿಯಲ್ಲಿ ಒಂದು ಸಾಲು: ಇವನನ್ನು ಈ ವರ್ಷ ಕಳಿಸಲಾರೆ.

ತಪಾಸಣೆಯಲ್ಲಿ ಪೆಟ್ಟಿಗೆ ಬಿಚ್ಚಿಸಿದರು. ಯಂತ್ರದ ಪರದೆಯ ಮೇಲೆ ಐದು ಬಾಯಿಗಳು ಕಾಣಿಸಿದ್ದವಂತೆ. ಅಧಿಕಾರಿ ಒಬ್ಬೊಬ್ಬರನ್ನೇ ಎತ್ತಿ ಹಿಂದೆ ಮುಂದೆ ನೋಡಿದ. ಖಾಲಿ ಗುಳಿಗೂ ಬೆರಳು ಹಾಕಿ ನೋಡಿ, ಇದರಲ್ಲಿದ್ದದ್ದು ಎಲ್ಲಿ ಎಂದು ಕೇಳಿದ. ಲಕ್ಷ್ಮೀ ಅಕ್ಕೋರು ಕನ್ನಡದಲ್ಲೇ, "ಅವ್ರಿಗೆ ಬೇಜಾರಾಗಿದೆ, ಬರುದಿಲ್ಲ ಅಂದ್ರು," ಎಂದರು. ಅವನು ತಲೆಯಾಡಿಸಿ ಬಿಟ್ಟ.

ಭಟ್ಕಳ

ಗೋವಾದಲ್ಲಿ ಇಳಿದು, ರೈಲಿನಲ್ಲಿ ಬಂದು, ಎರಡು ದಿನ ಸತ್ತವಳಂತೆ ಮಲಗಿ ಎದ್ದೆ. ಮೊದಲ ಪಾಠ ಲಕ್ಷ್ಮೀ ಅಕ್ಕೋರ ಶಾಲೆಯಲ್ಲಿ. ಮೀನುಗಾರರ ತೆಂಗಿನಗುಂಡಿಯಿಂದ ಬರುವ ಮಕ್ಕಳು ತುಂಬ ಇದ್ದರು. ಜಾಣ ಆಳಿನ ಅಗಲ ಬಾಯಿ ನೋಡಿದ ಒಬ್ಬಳು ಕೇಳಿದಳು, "ಇಂವ ಎಂತ, ಬಂಗಡೆ ಹರಾಜು ಕೂಗ್ತಾ ಇದ್ನಾ?"

"ಎಷ್ಟಕ್ಕೆ ಕೂಗ್ತಾ ಇದ್ದ ಹೇಳು," ಎಂದು ಪಕ್ಕದವಳು ಕೆಣಕಿದಳು.

"ನೀನು ಕೊಡುಕಾಗದಷ್ಟಕ್ಕೆ."

ಧ್ವನಿ ಮತ್ತು ಬಾಯಿಯ ಸಂಗತಿಯನ್ನು ನಾನು ಬೇರೆ ಹೇಳಬೇಕಾಗಲಿಲ್ಲ. ಖಚಿತವಾಗಿ ಗೊತ್ತಿಲ್ಲ ಎಂಬುದನ್ನು ಮಾತ್ರ ಸೇರಿಸಿದೆ. ಮುಖಗಳು ಕೈಯಿಂದ ಕೈಗೆ ಹೋದವು. ಒಬ್ಬ ಪುಟ್ಟ ಹುಡುಗಿ ಬೋಳುತಲೆಯನ್ನು ಕೊಡಲು ಒಪ್ಪಲೇ ಇಲ್ಲ, ಪಾಠ ಮುಗಿಯುವವರೆಗೆ ತೊಡೆಯ ಮೇಲಿಟ್ಟುಕೊಂಡು ತಲೆ ಸವರುತ್ತಿದ್ದಳು. ಇಷ್ಟಕ್ಕಾಗಿ ಹೋಗಿದ್ದೆ ಅಂತ ಆಗ ಅನಿಸಿತು. ಕೊನೆಯಲ್ಲಿ ಒಬ್ಬ, ಈ ಗುಳಿ ಯಾರದ್ದು ಎಂದು ಕೇಳಿದ. ಅದು ಅಲ್ಲೇ ಉಳಿಯಿತು ಎಂದು ಪೆಟ್ಟಿಗೆ ಮುಚ್ಚಿದೆ.

ಹೊನ್ನಾವರ

ಹೊನ್ನಾವರದ ಮಕ್ಕಳಿಗೆ ಯಕ್ಷಗಾನ ಗೊತ್ತು. ಅವರನ್ನು ಮೆಚ್ಚಿಸುವುದು ಕಷ್ಟ. ಅಪ್ಸರಕೊಂಡದ ಕಡೆಯಿಂದ ಬರುವ ಒಬ್ಬ ಹುಡುಗ ಅಡುಗೆಯವನ ಮುಖವನ್ನು ಹಿಡಿದು ನೋಡಿ ಪಕ್ಕಕ್ಕಿಟ್ಟ.

"ನಮ್ಮ ಹಾಸ್ಯದ ವೇಷ ಇದಕ್ಕಿಂತ ಚಲೋ ಅಕ್ಕೋರೆ. ಬಣ್ಣ ಆದ್ರೆ ಹುಬ್ಬು ಕುಣ್ಸೂಕೆ ಬತ್ತದೆ. ಇದ್ರಲ್ಲಿ ಹುಬ್ಬು ಅಲ್ಲಾಡುದೇ ಇಲ್ಲ."

ಎಂಥ ಒಳ್ಳೆಯ ಆಕ್ಷೇಪ. ಅದಕ್ಕೆ ಉತ್ತರ ಮುದುಕನಲ್ಲಿತ್ತು. ನಾನು ಕಪ್ಪುಹಲಗೆಯ ಮೇಲೆ ಅವನ ಎರಡು ಹುಬ್ಬು ಬರೆದು ತೋರಿಸಿದೆ. ತಕ್ಷಣ ಎಲ್ಲರ ಕಣ್ಣೂ ಖಾಲಿ ಗುಳಿಗೆ ಹೋಯಿತು. ದಾರಿಯಲ್ಲಿ ಒಡೆದುಹೋಯಿತು ಎಂದುಬಿಟ್ಟೆ. ಮಕ್ಕಳು "ಛೇ" ಎಂದರು. ಒಬ್ಬ, ಚೂರುಗಳನ್ನು ತಂದಿದ್ದರೆ ಅಂಟಿಸಿಕೊಡುತ್ತಿದ್ದೆ ಎಂದ.

ನನಗೆ ಜೊತೆಯಾಗಿ ಬಂದಿದ್ದ ಲಕ್ಷ್ಮೀ ಅಕ್ಕೋರು ಬಸ್ಸಿನಲ್ಲಿ ಟಿಕೆಟ್ ಮಡಚಿ ಚೀಲಕ್ಕೆ ಹಾಕಿಕೊಂಡರು. ಆಮೇಲೆ ಕೇಳಿದರು, "ಸುಳ್ಳು ಎಂತಕ್ಕೆ ಹೇಳ್ದೆ? ಒಡೀದೇ ಇದ್ದದ್ದನ್ನ."

"ಸುಸ್ತಾಗಿದೆ ಅಕ್ಕೋರೆ. ಉದ್ದ ಕತೆ ಹೇಳೂಕೆ ಆಗುದಿಲ್ಲ ನಂಗೆ."

"ಉದ್ದ ಎಂತ ಇದೆ ಅದ್ರಲ್ಲಿ," ಎಂದರು. "ಒಂದು ಮಾತು. ನೀನು ದಿನ ಹೇಳ್ಲಿಲ್ಲ."

ಕುಮಟಾ

ನನ್ನ ಶಾಲೆಯ ಮಕ್ಕಳಿಗೆ ಹಗರಣ ಏನೆಂದು ಹೇಳಬೇಕಾಗಿಲ್ಲ. ಅರ್ಧ ಮಕ್ಕಳ ಮನೆಯವರು ವೇಷ ಕಟ್ಟಿದವರೇ. ಯಾಣದ ದಾರಿಯ ಹಳ್ಳಿಗಳಿಂದ ಬರುವ ಕೆಲವರೂ ಇದ್ದರು. ಐದು ಮುಖಗಳು ಸುತ್ತಿ ಬಂದವು. ಹಳೆಯ ಮುಖವಾಡ ಒಂದೂ ಉಳಿದಿಲ್ಲ ಎಂದಾಗ ಯಾರಿಗೂ ಆಶ್ಚರ್ಯವಾಗಲಿಲ್ಲ. ನಮ್ಮದೂ ಉಳಿಯುವುದಿಲ್ಲವಲ್ಲ, ಮೊದಲ ಮಳೆಗೆ ರಟ್ಟು ಮೆತ್ತಗಾಗುತ್ತದೆ ಎಂದರು.

ಆರನೆಯ ತರಗತಿಯ ನಾಗವೇಣಿ ಖಾಲಿ ಗುಳಿಗೆ ಕೈ ಇಟ್ಟು ಕೇಳಿದಳು, "ಇದು ಎಂತಕ್ಕೆ ಖಾಲಿ ಅಕ್ಕೋರೆ?"

ಈ ಸಲ ಹೇಳಿದೆ. ಎಲೇನಿ ಯಾರು, ಮುದುಕನ ಮುಖ ಹೇಗಿತ್ತು, ಡಾಫ್ನಿ ಏನು ಮಾಡಿದಳು, ಮೆಟ್ಟಿಲ ಮೇಲೆ ಅವರೇನು ಕೇಳಿದರು, ಎಲ್ಲ. ಮಕ್ಕಳು ಗಲಾಟೆ ಮಾಡದೆ ಕೇಳಿದರು. ನಾಗವೇಣಿಯ ಅಜ್ಜ ಹಗರಣದಲ್ಲಿ ಪ್ರತಿ ವರ್ಷ ವೇಷ ಹಾಕುವವರು. ಅವಳು ಗುಳಿಯಿಂದ ಕೈ ತೆಗೆದಳು.

"ದಿನ ಹೇಳ್ದೇ ಮಾಡಿದ್ದು ತಪ್ಪೇ," ಎಂದಳು. "ಹಂಗಾರೆ ಈಗ ದಿನ ಹೇಳಿ ಕರೀರಿ ಅವ್ರನ್ನ. ಬೇಡ ಅಂದ್ರೆ ಬರುದಿಲ್ಲ. ಬಂದ್ರೆ ಅವ್ರೇ ಮುಖ ಕಟ್ಕಳ್ಲಿ, ನಮ್ಮನ್ನ ಅಣಕಿಸ್ಲಿ."

"ನಿಮ್ಮನ್ನಾ? ನೀವು ಎಂತ ಮಾಡಿದ್ರಿ ಅವ್ರಿಗೆ?"

"ನಾವು ಎಂತದೂ ಮಾಡ್ಲಿಲ್ಲ. ಆದ್ರೆ ಆ ಆಟದ ಊರು ನಮ್ದಲ್ದಾ."

ಸಿಟ್ಟಾಗುವುದಿಲ್ಲ ಅನ್ನುವವರು ಕೈ ಎತ್ತಿ ಎಂದೆ. ಎಲ್ಲರೂ ಎತ್ತಿದರು, ಒಬ್ಬನನ್ನು ಬಿಟ್ಟು.

"ನನ್ನ ಕಿವಿ ಮಾಡ್ತ್ರಾ ಅವ್ರು?" ಎಂದು ಅವನು ಕೇಳಿದ. ಅವನ ಕಿವಿ ಸ್ವಲ್ಪ ದೊಡ್ಡದು.

"ಮಾಡೂಕೂ ಸಾಕು, ಹೇಳೂಕಾಗುದಿಲ್ಲ," ಎಂದೆ.

"ಹಂಗಾರೆ ನಾನು ಆ ದಿನ ಮಾವನ ಮನೆಗೆ ಹೋತೆ," ಎಂದ. ನಾಗವೇಣಿ ಅವನನ್ನು ತಡೆಯಲಿಲ್ಲ. ಹೋಗಬಹುದು, ಅದಕ್ಕೆ ಅಡ್ಡಿಯಿಲ್ಲ ಎಂದಳು.

ಶಾಲೆ ಬಿಟ್ಟ ಮೇಲೆ ಆಫೀಸಿನ ಕಂಪ್ಯೂಟರಿನಲ್ಲಿ ಎಲೇನಿಗೆ ಬರೆದೆ. ಪಾಠ ಹೇಗಾಯಿತೆಂಬ ವರದಿ ಬೇರೆ ಕಳಿಸುತ್ತೇನೆ, ಇದು ಕರೆಯೋಲೆ ಎಂದೆ. ಕ್ಯಾಲೆಂಡರು ನೋಡಿ ಬರುವ ಹೋಳಿ ಹುಣ್ಣಿಮೆ ಯಾವ ತಾರೀಕಿಗೆ, ಯಾವ ವಾರ ಎಂದು ಹಾಕಿದೆ. ಅಂದು ನಮ್ಮೂರಿನಲ್ಲಿ ಅಣಕ ನಡೆಯುತ್ತದೆ, ಅಣಕಿಸುವವರ ಸಾಲಿನಲ್ಲಿ ಮಕ್ಕಳು ನಿಮಗೊಂದು ಜಾಗ ಇಟ್ಟಿದ್ದಾರೆ, ಬೇಡವೆನಿಸಿದರೆ ಬರಬೇಡಿ, ಯಾರೂ ಏನೂ ಅಂದುಕೊಳ್ಳುವುದಿಲ್ಲ ಎಂದು ಬರೆದೆ. ನಾಗವೇಣಿ ನನ್ನ ಭುಜದ ಪಕ್ಕ ನಿಂತು, ತಾರೀಕನ್ನು ಇನ್ನೊಮ್ಮೆ ದಪ್ಪ ಅಕ್ಷರದಲ್ಲಿ ಹಾಕಿಸಿದಳು.